ಗ್ಯಾರೇಜ್ ಕಟ್ಟೆ: ಹಳೇ ಗಾಡಿಗೆ ಯಾವ ಬ್ರೇಕ್ ಆಯಿಲ್, ಯಾವ ಗೇರ್ ಆಯಿಲ್?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಎಣ್ಣೆಯ ಬಗ್ಗೆಯೇ. ಇಂಜಿನ್ ಆಯಿಲ್ ಅಲ್ಲ, ಅದನ್ನು ಎಲ್ಲರೂ ನೆನಪಿಟ್ಟು ಹಾಕಿಸುತ್ತಾರೆ. ಯಾರೂ ಬಗ್ಗಿ ನೋಡದ ಎರಡು ಇವೆಯಲ್ಲ, ಬ್ರೇಕ್ ಆಯಿಲ್ ಮತ್ತು ಡಿಫರೆನ್ಷಿಯಲ್ ಆಯಿಲ್, ಅವುಗಳ ಬಗ್ಗೆ. ಡಿಫರೆನ್ಷಿಯಲ್ ಅಂದರೆ ಇಂಜಿನ್ನಿನ ಬಲವನ್ನು ಎಡಬಲದ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆ. ಹಾಗಾಗಿ ಈ ಸಂಚಿಕೆ ಪೂರ್ತಿ ಅವಕ್ಕೇ ಬಿಟ್ಟಿದ್ದೇನೆ. ಟೈರ್, ಬ್ಯಾಟರಿ ಬಗ್ಗೆ ಕೇಳಿದವರು ಸ್ವಲ್ಪ ತಾಳಿ.

ಮೇಸ್ತ್ರಿಗಳೇ, ನಮ್ಮದು 1996ರ ಡೀಸೆಲ್ ಅಂಬಾಸಿಡರ್. ಅಪ್ಪ ಕೊಂಡದ್ದು, ಮಾರಲು ಮನಸ್ಸಿಲ್ಲ. ಹೋದ ತಿಂಗಳು ಉಡುಪಿಗೆ ಮದುವೆಗೆ ಹೊರಟಿದ್ದೆವು. ಆಗುಂಬೆ ಘಾಟಿ ಅರ್ಧ ಇಳಿದ ಮೇಲೆ ಬ್ರೇಕ್ ಪೆಡಲ್ ಮೆತ್ತಗೆ ಒಳಗೆ ಹೋಗಿಬಿಟ್ಟಿತು. ಪಂಪ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ನಿಲ್ಲಿಸಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಬ್ರೇಕ್ ಸರಿಯಾಗಿಯೇ ಇದೆ! ಊರಿಗೆ ಬಂದು ಗ್ಯಾರೇಜಿನಲ್ಲಿ ತೋರಿಸಿದೆ. ಎಲ್ಲೂ ಲೀಕ್ ಇಲ್ಲ, ಗಾಡಿ ಚೆನ್ನಾಗಿದೆ ಎಂದರು. ಮಗ ಡಾಟ್ 5.1 ಹಾಕಿಸು ಅನ್ನುತ್ತಾನೆ. ಅಂಗಡಿಯವರು ಡಾಟ್ 4 ಸಾಕು ಅನ್ನುತ್ತಾರೆ. ಶೆಡ್ಡಿನಲ್ಲಿರುವ ಹಳೇ ಡಬ್ಬಿಯ ಮೇಲೆ ಡಾಟ್ 3 ಎಂದಿದೆ. ಯಾರ ಮಾತು ಕೇಳಲಿ?
— ಓದುಗರು, ತೀರ್ಥಹಳ್ಳಿ

ಆ ಗಾಬರಿಯಲ್ಲೂ ಹ್ಯಾಂಡ್‌ಬ್ರೇಕ್ ನೆನಪಾಯಿತಲ್ಲ, ಅದು ದೊಡ್ಡದು. ಹ್ಯಾಂಡ್‌ಬ್ರೇಕ್ ಕೇಬಲ್ಲಿನಿಂದ ಕೆಲಸ ಮಾಡುತ್ತದೆ. ಬ್ರೇಕ್ ಆಯಿಲಿನ ಹಂಗು ಅದಕ್ಕಿಲ್ಲ.

ಗ್ಯಾರೇಜಿನವರು ಹೇಳಿದ್ದರಲ್ಲಿ ಅರ್ಧ ನಿಜ. ಲೀಕ್ ಇಲ್ಲ. ಆದರೆ ಗಾಡಿ ಚೆನ್ನಾಗಿಲ್ಲ. ನಿಮ್ಮ ಬ್ರೇಕ್ ಆಯಿಲ್ ಘಾಟಿಯಲ್ಲಿ ಕುದಿದಿದೆ.

ಬ್ರೇಕ್ ಆಯಿಲಿನಲ್ಲಿ ಇರುವುದು ಗ್ಲೈಕಾಲ್ ಜಾತಿಯ ರಾಸಾಯನಿಕ. ಗಾಳಿಯ ತೇವ ಎಳೆದುಕೊಳ್ಳುವುದು ಅದರ ಹುಟ್ಟುಗುಣ. ರಿಸರ್ವಾಯರ್ ಮುಚ್ಚಳದ ಸಣ್ಣ ತೂತಿನಿಂದ, ರಬ್ಬರ್ ಹೋಸ್‌ಗಳ ಮೂಲಕ, ನೀವು ಮುಟ್ಟದೇ ಇದ್ದರೂ ನೀರಿನಂಶ ಒಳಗೆ ಸೇರುತ್ತಲೇ ಇರುತ್ತದೆ. ಗಾಡಿ ಓಡಿಸಿದರೂ ಅಷ್ಟೇ, ನಿಲ್ಲಿಸಿದರೂ ಅಷ್ಟೇ. ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗುವುದಿಲ್ಲ. ಇನ್ನು ಇದರ ಪಾಡು ಕೇಳಬೇಕೆ?

ನೀರು ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ಘಾಟಿಯಲ್ಲಿ ಒಂದೇ ಸಮನೆ ಬ್ರೇಕ್ ಒತ್ತಿ ಇಳಿದರೆ ಡ್ರಮ್ ಕಾಯುತ್ತದೆ, ಆ ಕಾವು ವೀಲ್ ಸಿಲಿಂಡರಿಗೆ (ಚಕ್ರದ ಬಳಿ ಬ್ರೇಕ್ ಶೂ ತಳ್ಳುವ ಸಣ್ಣ ಸಿಲಿಂಡರ್) ಹತ್ತುತ್ತದೆ, ಒಳಗಿನ ದ್ರವದಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ತುಳಿದ ಬಲವೆಲ್ಲ ಆ ಗುಳ್ಳೆ ಕುಗ್ಗಿಸುವುದಕ್ಕೇ ಹೋಯಿತು, ಚಕ್ರಕ್ಕೆ ಏನೂ ಮುಟ್ಟಲಿಲ್ಲ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಯಿತು, ಪೆಡಲ್ ಮೇಲೆ ಬಂತು. ಮರುದಿನ ಗ್ಯಾರೇಜಿನವರು ನೋಡುವಾಗ ಸಾಕ್ಷಿ ಎಲ್ಲಿರುತ್ತದೆ?

ಬ್ರೇಕ್ ಕೈಕೊಡುವುದಕ್ಕೆ ಇನ್ನೊಂದು ರೀತಿಯೂ ಇದೆ. ಶೂ ಲೈನಿಂಗ್, ಅಂದರೆ ಡ್ರಮ್ಮಿಗೆ ಉಜ್ಜುವ ಪದರ, ಅತಿಯಾಗಿ ಕಾದು ಹಿಡಿತ ಬಿಡುವುದು. ಆಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಪೆಡಲ್ ಮೆತ್ತಗಾಗಿ ಒಳಗೆ ಹೋದರೆ ಆಯಿಲ್ ಕುದಿದದ್ದು, ಗಟ್ಟಿ ಇದ್ದೂ ನಿಲ್ಲದಿದ್ದರೆ ಲೈನಿಂಗ್. ಡ್ರಮ್ ಬ್ರೇಕಿನಲ್ಲಿ ನಡುವೆ ಇನ್ನೊಂದು ಗೊಂದಲ ಉಂಟು. ಡ್ರಮ್ ಕಾದು ಹಿಗ್ಗಿ ಶೂನಿಂದ ದೂರ ಸರಿಯುತ್ತದೆ. ಆಗಲೂ ಪೆಡಲ್ ಸ್ವಲ್ಪ ಕೆಳಗೆ ಹೋಗುತ್ತದೆ, ಆದರೆ ಒಂದು ಹಂತದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ನಿಮ್ಮದು ಹಾಗಲ್ಲ.

ಈಗ ಡಾಟ್ ಲೆಕ್ಕಕ್ಕೆ ಬರೋಣ. ಅಮೆರಿಕದ ಸಾರಿಗೆ ಇಲಾಖೆಯ ಮಟ್ಟ ಇದು, ಎಲ್ಲರೂ ಅದನ್ನೇ ಡಬ್ಬಿಯ ಮೇಲೆ ಹಾಕುತ್ತಾರೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಹೊಸ ಡಾಟ್ 4 ಆದರೆ 230, ಡಾಟ್ 5.1 ಆದರೆ 260. ಇದು ಒಣ ಲೆಕ್ಕ. ನೀರು ಸೇರಿದ ಮೇಲಿನ ಲೆಕ್ಕ ಬೇರೆ. ಸುಮಾರು ಶೇಕಡಾ 3.7ರಷ್ಟು ನೀರು ಕುಡಿದ ಡಾಟ್ 3 140ಕ್ಕೆ ಇಳಿಯುತ್ತದೆ, ಡಾಟ್ 4 155ಕ್ಕೆ, 5.1 ಆದರೆ 180ಕ್ಕೆ. ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬಾಟಲಿಯಿಂದ ಈಗಷ್ಟೇ ಸುರಿದ ಡಾಟ್ 3 205, ವರ್ಷಗಟ್ಟಲೆ ಬದಲಿಸದ ಡಾಟ್ 5.1 180. ಅಂದರೆ ಅಗ್ಗದ ಹೊಸದು ದುಬಾರಿಯ ಹಳೆಯದಕ್ಕಿಂತ ಮೇಲು. ನಿಮ್ಮ ಮಗ ನೋಡುತ್ತಿರುವುದು ಡಬ್ಬಿಯ ಮೇಲಿನ ನಂಬರು. ನಾನು ಕೇಳುವುದು, ಕೊನೆಯ ಸಲ ಪೂರ್ತಿ ಬದಲಿಸಿದ್ದು ಯಾವಾಗ? ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ. ಬಹುಶಃ ಅಪ್ಪನ ಕಾಲದಲ್ಲೇ ಇರಬೇಕು.

ನನ್ನ ಸಲಹೆ ಡಾಟ್ 4, ಮತ್ತು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾವಣೆ. ನಿಮ್ಮ ಮಳೆಗೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಮಾಡಿಸಿದರೂ ತಪ್ಪಿಲ್ಲ. ಡಾಟ್ 3 ಹಾಕಿದರೂ ಓಡುತ್ತದೆ, ಆ ಗಾಡಿ ಅದರಲ್ಲೇ ಬೆಳೆದದ್ದು. ಡಾಟ್ 5.1 ತೆಳು ದ್ರವ. ಎಬಿಎಸ್ ಇರುವ ಗಾಡಿಗಳ ಸಣ್ಣ ವಾಲ್ವುಗಳಲ್ಲಿ ಚಳಿಯಲ್ಲೂ ಸಲೀಸಾಗಿ ಹರಿಯಲಿ ಎಂದು ಮಾಡಿದ್ದು. ನಾಲ್ಕೂ ಕಡೆ ಡ್ರಮ್ ಇರುವ ಅಂಬಾಸಿಡರಿಗೆ ಅದರಿಂದ ಸಿಗುವ ಲಾಭ ಕಡಿಮೆ, ಬೆಲೆ ಜಾಸ್ತಿ.

ಬದಲಿಸುವಾಗ ಸುಮ್ನೆ ರಿಸರ್ವಾಯರ್ ಖಾಲಿ ಮಾಡಿ ತುಂಬಿಸಿದರೆ ಆಗಲಿಲ್ಲ. ಕುದಿಯುವುದು ಚಕ್ರದ ಹತ್ತಿರ. ಹಳೆಯದು ಅಲ್ಲೇ ಕೂತಿರುತ್ತದೆ. ಪ್ರತಿ ಚಕ್ರದ ನಿಪ್ಪಲ್ ಬಿಚ್ಚಿ, ಪಾರದರ್ಶಕ ಪೈಪ್ ಹಾಕಿ, ಹೊಸ ಬಣ್ಣ ಬರುವವರೆಗೆ ಬ್ಲೀಡ್ ಮಾಡಿಸಿ, ಅಂದರೆ ಪೆಡಲ್ ತುಳಿಸಿ ಹಳೆಯದನ್ನು ಹೊರಗೆ ಹರಿಸಿ. ಮೊದಲು ಮಾಸ್ಟರ್ ಸಿಲಿಂಡರಿನಿಂದ (ಪೆಡಲ್ ತುಳಿದಾಗ ಆಯಿಲ್ ತಳ್ಳುವ ಸಿಲಿಂಡರ್) ದೂರದ ಚಕ್ರ, ಅಂದರೆ ಹಿಂದಿನ ಎಡ. ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಡ್ರೈವರ್ ಕಡೆಯದ್ದು. ಒಂದು ಎಚ್ಚರಿಕೆ ಇದೆ. ಹಳೇ ಗಾಡಿಯಲ್ಲಿ ಪೆಡಲನ್ನು ನೆಲ ಮುಟ್ಟುವವರೆಗೆ ತುಳಿಸಬೇಡಿ. ಮಾಸ್ಟರ್ ಸಿಲಿಂಡರಿನ ಆ ಕೊನೆಯ ಭಾಗಕ್ಕೆ ಒಳಗಿನ ರಬ್ಬರ್ ಕಪ್ ದಿನನಿತ್ಯ ಹೋಗುವುದೇ ಇಲ್ಲ. ಅಲ್ಲಿ ತುಕ್ಕು, ಕಸ ಕಟ್ಟಿರುತ್ತದೆ. ಒಂದು ಸಲ ಕಪ್ ಅದರ ಮೇಲೆ ಉಜ್ಜಿದರೆ ತುಟಿ ಹರಿದು, ಬ್ಲೀಡಿಂಗ್‌ಗೆ ಬಂದ ಗಾಡಿ ಮಾಸ್ಟರ್ ಕಿಟ್ ಕೇಳುತ್ತದೆ. ಪೆಡಲ್ ಕೆಳಗೆ ಮರದ ತುಂಡು ಇಟ್ಟುಕೊಂಡರೆ ಸಾಕು.

ಇಷ್ಟೆಲ್ಲ ಮಾಡಿಸಿ ಮತ್ತೆ ಟಾಪ್ ಗೇರಿನಲ್ಲಿ ಆಗುಂಬೆ ಇಳಿದರೆ ಯಾವ ಡಾಟ್ ಹಾಕಿಯೂ ಪ್ರಯೋಜನವಿಲ್ಲ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಕಾಲು ಬ್ರೇಕಿನ ಮೇಲೆ ಇಟ್ಟೇ ಇರಬೇಡಿ. ಒತ್ತಿ, ವೇಗ ಇಳಿಸಿ, ಬಿಡಿ.

ಮೇಸ್ತ್ರಿ ಅಣ್ಣಾರ, ನಮ್ದು 2006ರ ಓಮ್ನಿ ಐತ್ರಿ. ಮೆಣಸಿನಕಾಯಿ ಚೀಲ ಹೊತ್ಕೊಂಡು ದಿನಾ ಓಡತೈತಿ. 50 ದಾಟಿದ್ರ ಹಿಂದಿನಿಂದ ಗುಂಯ್ ಅಂತ ಸದ್ದು ಬರತೈತಿ. ಇಲ್ಲಿ ಒಬ್ರು 140 ಆಯಿಲ್ ಹಾಕು, ಸದ್ದು ನಿಲ್ಲತೈತಿ ಅಂದ್ರು. ಹಾಕ್ಲೇನ್ರಿ?
— ಓದುಗರು, ಬ್ಯಾಡಗಿ

ಬೇಡ. 140 ಅಂದರೆ ಇನ್ನೂ ದಪ್ಪದ ಗೇರ್ ಆಯಿಲ್. ಸದ್ದು ನಿಲ್ಲಬಹುದು, ಸವೆತ ನಿಲ್ಲುವುದಿಲ್ಲ. ಗಾಡಿ ಮಾರುವವರು ಮಾಡುವ ಕೆಲಸ ಅದು. ಹಿಂದೆ ಡಿಫರೆನ್ಷಿಯಲ್ ಒಳಗೆ ಮರದ ಹೊಟ್ಟು ತುಂಬಿ ಮಾರುತ್ತಿದ್ದವರೂ ಇದ್ದರು. ನೀವು ಮಾರುತ್ತಿಲ್ಲ, ಓಡಿಸುತ್ತಿದ್ದೀರಿ.

ಸದ್ದು ಎಲ್ಲಿಂದ ಎಂದು ಮೊದಲು ಗೊತ್ತಾಗಲಿ. ಖಾಲಿ ರಸ್ತೆಯಲ್ಲಿ 60ರಲ್ಲಿ ಹೋಗುತ್ತಾ ಆಕ್ಸಿಲರೇಟರ್ ಒತ್ತಿ, ಆಮೇಲೆ ಕಾಲು ತೆಗೆಯಿರಿ. ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರ ಅಥವಾ ಸದ್ದೇ ಇಲ್ಲ ಎಂದರೆ ಡಿಫರೆನ್ಷಿಯಲ್ ಒಳಗಿನ ಹಲ್ಲುಚಕ್ರಗಳಾದ ಕ್ರೌನ್ ಪಿನಿಯನ್ ಕಡೆ ಬೊಟ್ಟು ಮಾಡಬಹುದು. ಒತ್ತಿದರೂ ಬಿಟ್ಟರೂ ಒಂದೇ ಸದ್ದು, ಸ್ಟೀರಿಂಗ್ ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಗಿಸಿದಾಗ ಮಾತ್ರ ಬದಲಾಗುತ್ತದೆ ಎಂದರೆ ಅದು ವೀಲ್ ಬೇರಿಂಗ್. ಅದಕ್ಕೂ ಡಿಫರೆನ್ಷಿಯಲ್ ಆಯಿಲಿಗೂ ಸಂಬಂಧವೇ ಇಲ್ಲ. ದೊಡ್ಡ ಖರ್ಚಿಗೆ ಮುಂಚೆ ಟೈರ್ ಏರುಪೇರಾಗಿ ಸವೆದಿದೆಯಾ ಅಂತಲೂ ನೋಡಿ. ಅದೂ ಹೀಗೇ ಗುಂಯ್ ಅನ್ನುತ್ತದೆ.

ಡಿಫರೆನ್ಷಿಯಲ್ಲೇ ಎಂದಾದರೆ ಮೊದಲ ಅನುಮಾನ ಆಯಿಲ್ ಮಟ್ಟದ ಮೇಲೆ. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬದಿಯ ಫಿಲ್ಲರ್ ಪ್ಲಗ್ ಬಿಚ್ಚಿ. ಗಮನಿಸಿ, ಯಾವತ್ತೂ ಮೊದಲು ಮೇಲಿನ ಫಿಲ್ಲರ್ ಪ್ಲಗ್, ಆಮೇಲೆ ಕೆಳಗಿನ ಡ್ರೈನ್. ವರ್ಷಗಟ್ಟಲೆ ಮುಟ್ಟದ ಫಿಲ್ಲರ್ ಪ್ಲಗ್ ಹಟ ಹಿಡಿದು ಕೂತಿರುತ್ತದೆ. ಆಯಿಲ್ ಪೂರ್ತಿ ಇಳಿಸಿದ ಮೇಲೆ ಅದು ಬಿಚ್ಚಲು ಬರದಿದ್ದರೆ ಗಾಡಿ ಅಲ್ಲೇ ನಿಂತಂತೆ. ಫಿಲ್ಲರ್ ತೂತಿನ ಅಂಚಿನಿಂದ ಆಯಿಲ್ ತೊಟ್ಟಿಕ್ಕಿದರೆ ಮಟ್ಟ ಸರಿ. ಬೆರಳು ಬಗ್ಗಿಸಿ ಹಾಕಿದರೂ ಸಿಗದಿದ್ದರೆ ಸದ್ದಿಗೆ ಕಾರಣ ಸಿಕ್ಕಿತು. ಎಲ್ಲಿಂದ ಸೋರಿದೆ ಅಂತ ಹುಡುಕಿ. ಪಿನಿಯನ್ ಸೀಲ್ ಇರಬೇಕು, ಇಲ್ಲ ಆಕ್ಸಲ್ ಸೀಲ್.

ಹಳೇ ಆಯಿಲ್ ಇಳಿಸಿದಾಗ ಪ್ಲಗ್‌ನಲ್ಲಿ ಮ್ಯಾಗ್ನೆಟ್ ಇದ್ದರೆ ಅದನ್ನು ಒರೆಸುವ ಮುಂಚೆ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಹತ್ತಿದ್ದರೆ ಚಿಂತೆ ಬೇಡ, ಇಷ್ಟು ಓಡಿದ ಗಾಡಿಗೆ ಅದು ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಹೌಸಿಂಗ್ ಬಿಚ್ಚಲೇಬೇಕು.

ಹಾಕಬೇಕಾದದ್ದು ಜಿಎಲ್-5 ಹೈಪಾಯ್ಡ್ ಆಯಿಲ್. ಜಿಎಲ್ ಅನ್ನುವುದು ಗೇರ್ ಆಯಿಲಿನ ದರ್ಜೆ, ಎಸ್‌ಎಇ ಅದರ ದಪ್ಪದ ಅಳತೆ. ಎಸ್‌ಎಇ 90 ಅಥವಾ 80ಡಬ್ಲ್ಯು-90. ಈ 90 ಎನ್ನುವ ಅಂಕಿ ನೋಡಿ ಹೆದರುವವರಿದ್ದಾರೆ, ಇಂಜಿನ್ ಆಯಿಲ್ 40, ಇದು 90, ಅಬ್ಬಾ ಎಷ್ಟು ದಪ್ಪ ಅಂತ. ಎರಡಕ್ಕೂ ಅಳತೆಗೋಲೇ ಬೇರೆ. 90ರ ಗೇರ್ ಆಯಿಲ್ ಬಿಸಿಯಲ್ಲಿ ಹೆಚ್ಚುಕಡಿಮೆ 40, 50ರ ಇಂಜಿನ್ ಆಯಿಲಿನಷ್ಟೇ ದಪ್ಪ.

ನನ್ನದು 2003ರ ಮಾರುತಿ 800. ಕಾಲೇಜಿಗೆ ಹೋಗಿಬರಲು ಮಾತ್ರ ಬಳಸುತ್ತೇನೆ. ಸರ್ವಿಸ್ ಬಿಲ್ಲಿನಲ್ಲಿ 'ಡಿಫರೆನ್ಷಿಯಲ್ ಆಯಿಲ್' ಎಂದು ಬೇರೆಯಾಗಿ ಹಣ ಹಾಕಿದ್ದಾರೆ. ಸರಿಯೇ?
— ಉಪನ್ಯಾಸಕಿ, ಮೈಸೂರು

ಸರಿಯಲ್ಲ ಮೇಡಂ. ಮಾರುತಿ 800 ಮುಂದಿನ ಚಕ್ರದಿಂದ ಓಡುವ ಗಾಡಿ. ಅದರ ಡಿಫರೆನ್ಷಿಯಲ್ ಗೇರ್‌ಬಾಕ್ಸಿನ ಹೊಟ್ಟೆಯೊಳಗೇ ಇದೆ. ಎರಡಕ್ಕೂ ಒಂದೇ ಆಯಿಲ್, ಒಂದೇ ಕಡೆ ಸುರಿಯುವುದು. ಹಿಂದೆ ಬಗ್ಗಿ ನೋಡಿದರೆ ಹೌಸಿಂಗೇ ಕಾಣುವುದಿಲ್ಲ. ಬಿಲ್ಲಿನಲ್ಲಿ ಗೇರ್ ಆಯಿಲ್ ಸಾಲೂ ಇದೆಯಾ ನೋಡಿ. ಎರಡೂ ಇದ್ದರೆ ಒಂದರ ಹಣ ವಾಪಸ್ ಕೇಳಿ. ಒಂದೇ ಇದ್ದರೆ ಹೆಸರು ತಪ್ಪಿದೆ ಅಷ್ಟೇ. ಆದರೆ ಹಾಕಿದ್ದು ಜಿಎಲ್-4, 75ಡಬ್ಲ್ಯು-90 ಹೌದೇ ಎಂದು ಖಂಡಿತ ಕೇಳಿ. ಯಾಕೆ ಎನ್ನುವುದು ಮುಂದಿನ ಉತ್ತರದಲ್ಲಿದೆ.

ನಾನು ಎಸ್ಟೇಟಿನಲ್ಲಿ ರೈಟರ್. ನಮ್ಮಲ್ಲಿ ಹಳೇ ಮಹೀಂದ್ರ ಎಂಎಂ540 ಜೀಪಿದೆ. ಮಳೆಗಾಲದಲ್ಲಿ ತೋಟದೊಳಗಿನ ಹಳ್ಳ ದಾಟಿಯೇ ಓಡಾಟ. ಈ ಸಲ ಹಿಂದಿನ ಡಿಫರೆನ್ಷಿಯಲ್ ಬಿಚ್ಚಿದಾಗ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿತ್ತು. ಡ್ರೈವರ್ ಒಳ್ಳೆಯದೇ ಇರಲಿ ಎಂದು ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ), ಎರಡೂ ಡಿಫರೆನ್ಷಿಯಲ್ಲಿಗೆ ಒಂದೇ ಜಿಎಲ್-5 ಆಯಿಲ್ ಹಾಕಿಸಿದ್ದಾನೆ. ಈಗ ಸೆಕೆಂಡ್ ಗೇರ್ ಹಾಕುವಾಗ ಕರ್ ಅನ್ನುತ್ತದೆ. ಹಿಂದಿನ ಬ್ರೇಕೂ ಮೊದಲಿನಷ್ಟು ಹಿಡಿಯುತ್ತಿಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದೆಯೇ?
— ಓದುಗರು, ಸಕಲೇಶಪುರ

ನೀವು ಕೇಳಿದ್ದು ಮೂರು ಪ್ರಶ್ನೆ, ಮೂರಕ್ಕೂ ಸಂಬಂಧ ಇದೆ. ಇಂಥ ಪತ್ರ ಓದಲು ಖುಷಿಯಾಗುತ್ತದೆ.

ನೀರು ಹೋದದ್ದು ಬ್ರೀದರಿನಿಂದ ಇರಬೇಕು. ಆಕ್ಸಲ್ ಹೌಸಿಂಗ್ ಮೇಲೆ ಸಣ್ಣ ಮುಚ್ಚಳದಂಥ ಒಂದು ಸಾಮಾನು ಇರುತ್ತದೆ. ಕೆಸರು ಮೆತ್ತಿಕೊಂಡು ಯಾರ ಕಣ್ಣಿಗೂ ಬೀಳುವುದಿಲ್ಲ. ಓಡುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಬ್ರೀದರಿನಿಂದ ಹೊರಗೆ ಹೋಗುತ್ತದೆ. ಬಿಸಿ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದ ತಕ್ಷಣ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಆಗ ಹೊರಗೆ ಇರುವುದು ಗಾಳಿಯಲ್ಲ, ನೀರು. ಉಪಾಯ ಸುಲಭ. ಬ್ರೀದರ್ ತೆಗೆದು, ಆ ಜಾಗಕ್ಕೆ ಒಂದು ರಬ್ಬರ್ ಪೈಪ್ ಕೂರಿಸಿ, ಅದರ ತುದಿಯನ್ನು ಮೇಲೆ ಬಾಡಿಯ ಹತ್ತಿರ ಕಟ್ಟಿಸಿ. ಹಳ್ಳ ದಾಟುವ ಜೀಪಿಗೆ ಇದನ್ನು ಮೊದಲ ದಿನವೇ ಮಾಡಿಸಬೇಕು.

ಬ್ರೀದರ್ ಕೆಸರಿನಿಂದ ಪೂರ್ತಿ ಮುಚ್ಚಿಹೋದರೆ ಇನ್ನೊಂದು ಕಷ್ಟ. ಹಿಗ್ಗಿದ ಗಾಳಿಗೆ ದಾರಿಯಿಲ್ಲದೆ ಆಯಿಲನ್ನು ಆಕ್ಸಲ್ ಸೀಲ್ ದಾಟಿಸಿ ಹೊರಗೆ ತಳ್ಳುತ್ತದೆ. ಅದು ಹೋಗಿ ಬೀಳುವುದು ನೇರ ಬ್ರೇಕ್ ಶೂ ಮೇಲೆ. ಫಿಲ್ಲರ್ ಮಟ್ಟಕ್ಕಿಂತ ಜಾಸ್ತಿ ತುಂಬಿದರೂ ಇದೇ ಕಥೆ. ನಿಮ್ಮ ಹಿಂದಿನ ಬ್ರೇಕ್ ಹಿಡಿಯದಿರುವುದಕ್ಕೆ ನನ್ನ ಅನುಮಾನ ಇದರ ಮೇಲೇ. ಡ್ರಮ್ ತೆಗೆಸಿ ಮೂಗು ಹತ್ತಿರ ಹಿಡಿದರೆ ಸಾಕು. ಗೇರ್ ಆಯಿಲಿನ ಗಂಧಕದ ದುರ್ವಾಸನೆ ಒಮ್ಮೆ ಮೂಸಿದವರು ಮರೆಯುವುದಿಲ್ಲ. ಆಯಿಲ್ ಕುಡಿದ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ, ಒಪ್ಪಬೇಡಿ. ಒಳಗೆ ಇಳಿದದ್ದು ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಸೀಲ್ ಹೊಸದು, ಶೂ ಹೊಸದು, ಎರಡೂ ಕಡೆ.

ಇನ್ನು ಆ ಸೆಕೆಂಡ್ ಗೇರಿನ ಕರ್. ಡಿಫರೆನ್ಷಿಯಲ್ಲಿನಲ್ಲಿ ಪಿನಿಯನ್ನು ಕ್ರೌನಿನ ನಡುಮಟ್ಟಕ್ಕೆ ಕೂರದೆ ಸ್ವಲ್ಪ ಕೆಳಗೆ ಕೂರುತ್ತದೆ. ಇದಕ್ಕೇ ಹೈಪಾಯ್ಡ್ ಅನ್ನುವುದು. ಪ್ರೊಪೆಲ್ಲರ್ ಶಾಫ್ಟ್ ಕೆಳಗೆ ಹೋಗುತ್ತದೆ, ಹಲ್ಲು ಗಟ್ಟಿಯಾಗುತ್ತದೆ, ಎಲ್ಲ ಸರಿ. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಉದ್ದಕ್ಕೂ ಜಾರುತ್ತವೆ. ಆ ಒತ್ತಡಕ್ಕೆ ಬರೀ ಎಣ್ಣೆಯ ಪದರ ನಿಲ್ಲುವುದಿಲ್ಲ. ಅದಕ್ಕೆ ಗಂಧಕ, ರಂಜಕದ ಮದ್ದು ಸೇರಿಸುತ್ತಾರೆ. ಬಿಸಿಗೆ ಅದು ಉಕ್ಕಿನ ಮೇಲೆ ತನ್ನದೇ ತೆಳು ಪದರ ಕಟ್ಟಿ ಹಲ್ಲನ್ನು ಕಾಯುತ್ತದೆ. ಜಿಎಲ್-5ರಲ್ಲಿ ಈ ಮದ್ದು ಜಿಎಲ್-4ಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು.

ಉಕ್ಕಿಗೆ ಅದು ಒಳ್ಳೆಯದು. ಗೇರ್‌ಬಾಕ್ಸಿನೊಳಗೆ ಹಿತ್ತಾಳೆ ಸಿಂಕ್ರೊ ರಿಂಗುಗಳಿವೆ. ಬಿಸಿಯಲ್ಲಿ ಆ ಗಂಧಕ ಹಿತ್ತಾಳೆ, ಕಂಚನ್ನು ನಿಧಾನವಾಗಿ ತಿನ್ನುತ್ತದೆ. ಅದಕ್ಕಿಂತ ಬೇಗ ಗೊತ್ತಾಗುವುದು ಇನ್ನೊಂದು ತೊಂದರೆ. ಸಿಂಕ್ರೊ ರಿಂಗಿನ ಕೆಲಸವೇ ಉಜ್ಜಿ ಹಿಡಿದು ಎರಡು ಗೇರುಗಳ ವೇಗ ಸಮ ಮಾಡುವುದು. ಅತಿ ಜಾರುವ ಆಯಿಲಿನಲ್ಲಿ ಅದು ಹಿಡಿಯದೆ ಜಾರುತ್ತದೆ. ಕರ್ ಅನ್ನುವುದು ಅದೇ. ಡ್ರೈವರನ್ನು ಬೈಯಬೇಡಿ, ಅಂಗಡಿಯಲ್ಲಿ 4ಕ್ಕಿಂತ 5 ಮೇಲು ಎಂದೇ ಹೇಳಿರುತ್ತಾರೆ. ಗೇರ್‌ಬಾಕ್ಸ್ ಆಯಿಲ್ ಇಳಿಸಿ ಜಿಎಲ್-4, 80ಡಬ್ಲ್ಯು-90 ಹಾಕಿಸಿ. ಪುಸ್ತಕದಲ್ಲಿ ಬೇರೆ ಹೇಳದಿದ್ದರೆ ಟ್ರಾನ್ಸ್‌ಫರ್ ಕೇಸಿಗೂ ಅದೇ. ಮುಂದೆ ಹಿಂದೆ ಎರಡೂ ಡಿಫರೆನ್ಷಿಯಲ್ಲಿಗೆ ಜಿಎಲ್-5 ಹಾಗೇ ಇರಲಿ. ಕೆಲವೇ ವಾರ ಓಡಿದ್ದರೆ ರಿಂಗಿಗೆ ಏನೂ ಆಗಿರುವುದಿಲ್ಲ, ಸದ್ದೂ ಹೋಗುತ್ತದೆ. ಈಗ ಕೆಲವು ಡಬ್ಬಿಗಳ ಮೇಲೆ ಜಿಎಲ್-4, ಜಿಎಲ್-5 ಎರಡಕ್ಕೂ ಆಗುತ್ತದೆ ಎಂದು ಬರೆದಿರುತ್ತಾರೆ. ಹಿತ್ತಾಳೆಗೆ ತೊಂದರೆಯಿಲ್ಲದ ಮದ್ದು ಹಾಕಿ ಮಾಡಿದವೂ ಇವೆ. ಎಸ್ಟೇಟಿನಲ್ಲಿ ಎರಡು ಡಬ್ಬಿ ಇಡಲು ಜಾಗವಿಲ್ಲ ಎಂದೇನಿಲ್ಲವಲ್ಲ. ಬೇರೆ ಬೇರೆ ಇಟ್ಟು, ಬಣ್ಣದಲ್ಲಿ ಗುರುತು ಹಾಕಿಸಿ.

ಸರ್, ನನ್ನ 1999ರ ಜೆನ್‌ನಲ್ಲಿ ಬ್ರೇಕ್ ಲೈಟ್ ಹೊತ್ತಿಕೊಂಡಿತ್ತು. ಆಯಿಲ್ ಕಮ್ಮಿ ಇದೆ ಎಂದು ತಮ್ಮ ಮನೆಯಲ್ಲಿದ್ದ ಇಂಜಿನ್ ಆಯಿಲನ್ನೇ ಬ್ರೇಕ್ ಡಬ್ಬಿಗೆ ಸುರಿದಿದ್ದಾನೆ. ಎರಡು ದಿನ ಓಡಿಸಿದ್ದೇನೆ. ಈಗ ಬ್ರೇಕ್ ಬಿಟ್ಟರೂ ಚಕ್ರ ಹಿಡಿದುಕೊಳ್ಳುತ್ತಿದೆ. ಸಿರಿಂಜಿನಲ್ಲಿ ತೆಗೆದು ಹೊಸ ಬ್ರೇಕ್ ಆಯಿಲ್ ಹಾಕಿದರೆ ಸಾಕಾ?
— ಓದುಗರು, ತುಮಕೂರು

ಸಾಕಾಗುವುದಿಲ್ಲ. ಇನ್ನು ಗಾಡಿ ತೆಗೆಯಲೇಬೇಡಿ. ಗ್ಯಾರೇಜಿಗೆ ಟೋ ಮಾಡಿಸಿ.

ಬ್ರೇಕಿನ ರಬ್ಬರು ಗ್ಲೈಕಾಲಿಗೆ ಹೊಂದುವ ಜಾತಿಯದ್ದು. ಪೆಟ್ರೋಲಿಯಂ ಎಣ್ಣೆ ತಗುಲಿದರೆ ಊದಿಕೊಳ್ಳುತ್ತದೆ. ಇಂಥ ಗಾಡಿಯ ಮಾಸ್ಟರ್ ಸಿಲಿಂಡರ್ ಬಿಚ್ಚಿದಾಗ ಹಳೇ ಕಪ್ಪನ್ನು ಹೊಸ ಕಪ್ಪಿನ ಪಕ್ಕ ಪೇಪರ್ ಮೇಲೆ ಇಟ್ಟು ಮಾಲೀಕರಿಗೆ ತೋರಿಸುತ್ತೇನೆ. ಹೊಸದರ ತುಟಿ ಚೂಪಾಗಿ, ಬೆರಳಲ್ಲಿ ಒತ್ತಿದರೆ ಪಟ್ ಅಂತ ವಾಪಸ್ ಬರುತ್ತದೆ. ಊದಿದ್ದು ಗಾತ್ರದಲ್ಲೇ ದೊಡ್ಡದು, ತುಟಿ ಮಡಚಿಕೊಂಡಿರುತ್ತದೆ, ಹಿಸುಕಿದರೆ ಕೈಗೆ ಕಪ್ಪು ಮಸಿ. ಅದನ್ನು ಮತ್ತೆ ಸಿಲಿಂಡರಿನೊಳಗೆ ತೂರಿಸಲೂ ಆಗುವುದಿಲ್ಲ. ಆ ಗಾತ್ರದಲ್ಲಿ ಅದು ಮಾಸ್ಟರ್ ಸಿಲಿಂಡರಿನ ಸಣ್ಣ ತೂತನ್ನು ಮುಚ್ಚಿಬಿಡುತ್ತದೆ. ಕಾಲು ತೆಗೆದರೂ ಒತ್ತಡ ವಾಪಸ್ ಹೋಗಲು ದಾರಿಯಿಲ್ಲ. ನಿಮ್ಮ ಚಕ್ರ ಹಿಡಿದುಕೊಳ್ಳುವುದು ಅದಕ್ಕೇ.

ಕೆಲಸ ಇಷ್ಟಿದೆ. ಮಾಸ್ಟರ್ ಸಿಲಿಂಡರ್ ಕಿಟ್, ಹಿಂದಿನ ವೀಲ್ ಸಿಲಿಂಡರ್ ಕಪ್ಪುಗಳು, ಮುಂದಿನ ಕ್ಯಾಲಿಪರ್ ಸೀಲುಗಳು, ಹೋಸುಗಳು, ರಿಸರ್ವಾಯರ್ ಮುಚ್ಚಳದ ರಬ್ಬರು, ಎಲ್ಲ ಬದಲು. ಲೋಹದ ಪೈಪುಗಳನ್ನು ಹೊಸ ಬ್ರೇಕ್ ಆಯಿಲಿನಿಂದಲೇ ತೊಳೆಸಿ. ಪೆಟ್ರೋಲ್, ಡೀಸೆಲ್ ಹತ್ತಿರಕ್ಕೂ ತರಬೇಡಿ. ಖರ್ಚು ಬರುತ್ತದೆ, ನಿಜ. ಇದರಲ್ಲಿ ಒಂದು ರಬ್ಬರ್ ಉಳಿಸಿದರೂ ಮತ್ತೆ ಬರುತ್ತೀರಿ.

ಯಾರಾದರೂ ತಪ್ಪು ಆಯಿಲ್ ಹಾಕಿದ್ದಾರಾ ಎಂಬ ಅನುಮಾನ ಇರುವವರಿಗೆ ಒಂದು ಪರೀಕ್ಷೆ ಹೇಳುತ್ತೇನೆ. ಬೇಡದ ಗಾಜಿನ ಲೋಟಕ್ಕೆ ನೀರು ಹಾಕಿ, ರಿಸರ್ವಾಯರಿನ ಮೇಲ್ಭಾಗದಿಂದ ಸಿರಿಂಜಿನಲ್ಲಿ ಒಂದಿಷ್ಟು ತೆಗೆದು ಬಿಡಿ. ಬ್ರೇಕ್ ಆಯಿಲ್ ನೀರಿನಲ್ಲಿ ಕರಗಿಹೋಗುತ್ತದೆ. ಮೇಲೆ ಎಣ್ಣೆ ತೇಲಿದರೆ ಅನುಮಾನ ಖಚಿತ.

ತಮ್ಮನಿಗೆ ಇನ್ನೊಂದು ವಿಷಯ ಹೇಳಿ. ಲೀಕ್ ಇಲ್ಲದೆ ಆ ಲೈಟ್ ಬಂದರೆ ಬಹುಪಾಲು ಬ್ರೇಕ್ ಪ್ಯಾಡ್ ಸವೆದಿರುತ್ತದೆ. ಪ್ಯಾಡ್ ತೆಳುವಾದಂತೆ ಪಿಸ್ಟನ್ ಮುಂದೆ ಬರುತ್ತದೆ, ಆ ಜಾಗ ತುಂಬಲು ಆಯಿಲ್ ಇಳಿಯುತ್ತದೆ. ಸುಮ್ನೆ ಟಾಪ್‌ಅಪ್ ಮಾಡಿದರೆ ಲೈಟ್ ಆರುತ್ತದೆ, ಪ್ಯಾಡ್ ಹಾಗೇ ಸವೆಯುತ್ತದೆ.

ಠಾಣೆಯಲ್ಲಿದ್ದೇವೆ, ಮೂಲ ಅಂಕೋಲಾ. ಮಾವನವರ 1984ರ ಪ್ರೀಮಿಯರ್ ಪದ್ಮಿನಿ ನಮ್ಮ ಪಾಲಿಗೆ ಬಂದಿದೆ. ತಿಂಗಳಲ್ಲಿ ಒಂದೆರಡು ಸಲ ಹೊರಗೆ ತೆಗೆಯುತ್ತೇವೆ. ಡಾಟ್ 5 ಸಿಲಿಕಾನ್ ಹಾಕಿದರೆ ನೀರೂ ಹಿಡಿಯುವುದಿಲ್ಲ, ಪೇಂಟೂ ಹಾಳಾಗುವುದಿಲ್ಲ ಎಂದು ಹಳೇ ಕಾರು ಇಟ್ಟುಕೊಂಡ ಗೆಳೆಯರು ಹೇಳಿದರು. ಹಾಕಿಸಲೇ?
— ಓದುಗರು, ಠಾಣೆ

2023ರ ಅಕ್ಟೋಬರ್ ಕೊನೆಗೆ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಗಳು ಮರೆಯಾದ ಮೇಲೆ ಅಲ್ಲಿ ಆ ಗಾಡಿ ನೋಡುವುದೇ ಅಪರೂಪ. ಉಳಿಸಿಕೊಂಡಿದ್ದೀರಿ, ಸಂತೋಷ.

ಗೆಳೆಯರು ಹೇಳಿದ್ದು ಸುಳ್ಳಲ್ಲ. ಸಿಲಿಕಾನ್ ನೀರು ಹೀರುವುದಿಲ್ಲ, ಪೇಂಟ್ ತಿನ್ನುವುದಿಲ್ಲ. ಆದರೆ ಒಳಗೆ ಹೇಗೋ ಸೇರಿದ ನೀರು ಅದರಲ್ಲಿ ಕರಗದೆ ತಗ್ಗಿಗೆ ಇಳಿದು ಒಂದೇ ಕಡೆ ಕೂರುತ್ತದೆ. ಅಂದರೆ ವೀಲ್ ಸಿಲಿಂಡರಿನ ತಳದಲ್ಲಿ. ಅಲ್ಲೇ ತುಕ್ಕು, ಬ್ರೇಕ್ ಕಾದಾಗ ಅಲ್ಲೇ ಆವಿ. ಇನ್ನೂ ದೊಡ್ಡ ತೊಡಕೆಂದರೆ ಅದು ಗ್ಲೈಕಾಲಿನ ಜೊತೆ ಬೆರೆಯುವುದೇ ಇಲ್ಲ. ಹಾಕಲೇಬೇಕೆಂದರೆ ಸಿಲಿಂಡರ್, ಕಪ್, ಹೋಸ್ ಎಲ್ಲ ಹೊಸದಾಗಿ, ಪೈಪುಗಳು ಒಣಗಿ ಸ್ವಚ್ಛವಾಗಿರಬೇಕು. ಆಮೇಲೆ ದಾರಿಯಲ್ಲಿ ಕಮ್ಮಿಯಾಯಿತು ಅಂದರೆ ಹೈವೇ ಪಕ್ಕದ ಅಂಗಡಿಯಲ್ಲಿ ಡಾಟ್ 5 ಎಲ್ಲಿ ಹುಡುಕುತ್ತೀರಿ? ಅಲ್ಲಿನ ಹುಡುಗ 5 ಕೇಳಿದರೆ 5.1 ಕೊಡುತ್ತಾನೆ. ಅದು ಗ್ಲೈಕಾಲ್. ಡಾಟ್ 3, 4, 5.1 ಒಂದೇ ಬಳಗ, ತುರ್ತಿಗೆ ಒಂದರೊಳಗೊಂದು ಬೆರೆಸಬಹುದು. ಡಾಟ್ 5 ಒಂದೇ ಹೊರಗಿನದು, ಗುರುತಿಗೆ ನೇರಳೆ ಬಣ್ಣ ಹಾಕಿರುತ್ತಾರೆ.

ಡಾಟ್ 3 ಅಥವಾ 4 ಹಾಕಿಸಿ. ನಿಮ್ಮದೂ ಕಡಲ ತೇವದ ಊರು, ಎರಡು ವರ್ಷ ದಾಟಿಸಬೇಡಿ. ಗಾಡಿ ವರ್ಷಗಟ್ಟಲೆ ನಿಂತದ್ದಾದರೆ ಆಯಿಲಿಗಿಂತ ಮೊದಲು ವೀಲ್ ಸಿಲಿಂಡರ್ ಬಿಚ್ಚಿಸಿ ಒಳಗೆ ಗುಂಡಿ ಬಿದ್ದಿದೆಯಾ ನೋಡಿಸಿ. ಗುಂಡಿ ಬಿದ್ದ ಸಿಲಿಂಡರಿಗೆ ಎಂಥ ಹೊಸ ಕಪ್ ಹಾಕಿದರೂ ಒಂದೇ ತಿಂಗಳಲ್ಲಿ ಒಸರುತ್ತದೆ.

ಹಳೇ ಕಾಲದಲ್ಲಿ ಹರಳೆಣ್ಣೆಗೆ ಆಲ್ಕೋಹಾಲ್ ಬೆರೆಸಿ ಬ್ರೇಕ್ ಆಯಿಲ್ ಮಾಡುತ್ತಿದ್ದರು ಎಂದು ಕೇಳಿ, ಹಳೇ ಗಾಡಿಗೆ ಅದೇ ಒಳ್ಳೆಯದಲ್ವಾ ಎಂದು ನೀವು ಪತ್ರದ ಕೊನೆಗೆ ಕೇಳಿದ್ದೀರಿ. ಹೌದು, ಮಾಡುತ್ತಿದ್ದರು. ಆಗಿನ ನ್ಯಾಚುರಲ್ ರಬ್ಬರಿಗೆ ಅದು ಹೊಂದುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವ ಕಿಟ್ ಆ ರಬ್ಬರಿನದ್ದಲ್ಲ. ಹರಳೆಣ್ಣೆ ಅಡುಗೆಮನೆಯಲ್ಲೇ ಇರಲಿ.

ಅರ್ಧ ಉಳಿದ ಬ್ರೇಕ್ ಆಯಿಲ್ ಬಾಟಲಿ ಎಷ್ಟು ದಿನ ಇಡಬಹುದು?
— ಓದುಗರು, ಗದಗ

ಸೀಲ್ ಒಡೆದ ದಿನದಿಂದಲೇ ಅದು ತೇವ ಹೀರಲು ಶುರುಮಾಡುತ್ತದೆ. ಮುಚ್ಚಳ ಬಿಗಿ ಇದ್ದರೆ ಕೆಲವು ವಾರ ಟಾಪ್‌ಅಪ್‌ಗೆ ಬಳಸಿ, ಆಮೇಲೆ ಬೇಡ. ದೊಡ್ಡ ಬಾಟಲಿ ಅಗ್ಗ ಅಂತ ತರುವ ಬದಲು ಬೇಕಾದಷ್ಟೇ ಚಿಕ್ಕದು ತನ್ನಿ. ಬ್ಲೀಡ್ ಮಾಡಿದಾಗ ಪೈಪಿನಿಂದ ಬಂದದ್ದನ್ನು ಸೋಸಿ ಮತ್ತೆ ಹಾಕುವುದಂತೂ ಬೇಡವೇ ಬೇಡ. ಬಾನೆಟ್ ಮೇಲೆ ಚೆಲ್ಲಿದರೆ ಬಟ್ಟೆಯಲ್ಲಿ ಉಜ್ಜಬೇಡಿ, ಪೇಂಟ್ ಸಮೇತ ಬರುತ್ತದೆ. ತಕ್ಷಣ ನೀರು ಸುರಿಯಿರಿ, ಧಾರಾಳವಾಗಿ.